ಯು2 ತಂಡದ ‘ವಾರ್’: ದಿಟ್ಟ ರಾಜಕೀಯ ಆಲ್ಬಮ್ಮೋ, ಅಡ್ಡಗೋಡೆಯ ಮೇಲಿಟ್ಟ ದೀಪವೋ?

ಮಂದ್ರಸ್ಥಾಯಿ (ಪ್ರಶ್ನೆ)

ಕೆಲವು ವಾರಗಳಿಂದ ಐರ್ಲೆಂಡಿನ ಯು2 ತಂಡದ ಮೊದಲ ಮೂರು ಆಲ್ಬಮ್‌ಗಳನ್ನು ಅವು ಹೊರಬಂದ ಕ್ರಮದಲ್ಲೇ ಕೇಳುತ್ತಿದ್ದೇನೆ: 1980ರ ‘ಬಾಯ್’, 1981ರ ‘ಅಕ್ಟೋಬರ್’, 1983ರ ‘ವಾರ್’. ಮೊದಲೆರಡರ ವಿಷಯದಲ್ಲಿ ನನಗೆ ತಕರಾರಿಲ್ಲ. ಒಂದರಲ್ಲಿ ಬಾಲ್ಯ ಕೈಜಾರುತ್ತಿರುವ ಹುಡುಗರ ಕಳವಳವಿದೆ, ಇನ್ನೊಂದರಲ್ಲಿ ದೇವರನ್ನು ಹುಡುಕುವ ತೊಳಲಾಟವಿದೆ. ಎರಡೂ ತಮ್ಮ ಅಳತೆಯನ್ನು ಮೀರಿ ಏನನ್ನೂ ಹೇಳಲು ಹೋಗುವುದಿಲ್ಲ. ಮೂರನೆಯದನ್ನು ಮಾತ್ರ ಎಲ್ಲರೂ ಈ ತಂಡದ ಮೊದಲ ರಾಜಕೀಯ ಆಲ್ಬಮ್ ಎಂದು ಪರಿಚಯಿಸುತ್ತಾರೆ. ಆ ಮಾತನ್ನು ನಂಬಿ, ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕೇಳಿದಾಗ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಮೊದಲ ಹಾಡಾದ ‘ಸಂಡೇ ಬ್ಲಡಿ ಸಂಡೇ’ಯನ್ನೇ ತೆಗೆದುಕೊಳ್ಳಿ. 1972ರ ಜನವರಿ 30ರಂದು, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ, ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಕ್ರಮದ ವಿರುದ್ಧ ಮೆರವಣಿಗೆ ಹೊರಟಿದ್ದ ನಿರಾಯುಧರ ಮೇಲೆ ಬ್ರಿಟಿಷ್ ಸೇನೆಯ ಪ್ಯಾರಾಶೂಟ್ ಪಡೆಯವರು ಗುಂಡು ಹಾರಿಸಿದರು. ಅಂದೇ 13 ಮಂದಿ ಸತ್ತರು. ಗಾಯಗೊಂಡಿದ್ದ ಇನ್ನೊಬ್ಬರು ಕೆಲವು ತಿಂಗಳ ನಂತರ ತೀರಿಕೊಂಡರು. ಹಾಡಿನ ಹೆಸರು ಆ ಭಾನುವಾರವನ್ನೇ ಸೂಚಿಸುತ್ತದೆ. ಆದರೆ ಹಾಡಿನೊಳಗೆ ಡೆರಿ ಎಂಬ ಊರಿಲ್ಲ, ಸೈನಿಕನಿಲ್ಲ, ಗುಂಡು ಹಾರಿಸಿದವರು ಯಾರು ಎಂಬ ಸುಳಿವೂ ಇಲ್ಲ. ಮಕ್ಕಳ ಕಾಲಡಿಯ ಒಡೆದ ಬಾಟಲಿಗಳಿವೆ, ಬೀದಿಯಲ್ಲಿ ಚೆಲ್ಲಿದ ದೇಹಗಳಿವೆ, ಈ ಹಾಡನ್ನು ಇನ್ನೆಷ್ಟು ಕಾಲ ಹಾಡಬೇಕು ಎಂಬ ಪ್ರಶ್ನೆಯಿದೆ. ಹಿನ್ನೆಲೆ ತಿಳಿಯದವರು ಕೇಳಿದರೆ ಅದು ಜಗತ್ತಿನ ಯಾವ ಬೀದಿಯ ಕಥೆಯೂ ಆಗಬಹುದು. ಸಾಲದೆಂಬಂತೆ, 1983ರ ಸಂಗೀತ ಕಚೇರಿಗಳಲ್ಲಿ ಗಾಯಕ ಬೊನೊ ಬಿಳಿ ಬಾವುಟವೊಂದನ್ನು ವೇದಿಕೆಗೆ ತರುತ್ತಿದ್ದರು. ಹಾಡು ಶುರುವಾಗುವ ಮೊದಲೇ "ಇದು ಬಂಡಾಯದ ಹಾಡಲ್ಲ" ಎಂದು ಹೇಳಿಬಿಡುತ್ತಿದ್ದರು.

ಇನ್ನು ಉಳಿದ ಒಂಬತ್ತು ಹಾಡುಗಳಲ್ಲಿ ರಾಜಕೀಯವೆಂದು ಹೇಳಬಹುದಾದವು ಎಷ್ಟು? ‘ಸೆಕೆಂಡ್ಸ್’ ಅಣುಬಾಂಬಿನ ಭಯದ ಬಗ್ಗೆ, ‘ನ್ಯೂ ಇಯರ್ಸ್ ಡೇ’ ಪೋಲೆಂಡಿನ ಬಗ್ಗೆ ಎನ್ನುತ್ತಾರೆ, ‘ದಿ ರೆಫ್ಯೂಜಿ’ಯ ವಿಷಯ ಹೆಸರಿನಲ್ಲೇ ಇದೆ. ‘ಟು ಹಾರ್ಟ್ಸ್ ಬೀಟ್ ಆ್ಯಸ್ ಒನ್’ ನೇರವಾದ ಪ್ರೇಮಗೀತೆ. ಹೆಸರು ‘ಯುದ್ಧ’ ಎಂದಿಟ್ಟು, ರಕ್ಷಾಪುಟದಲ್ಲಿ ತುಟಿ ಒಡೆದ ಹುಡುಗನ ಮುಖವನ್ನು ಮುದ್ರಿಸಿ, ಒಳಗೆ ಇಷ್ಟೇ ಕೊಟ್ಟಿದ್ದಾರೆಯೇ? ಈ ಆಲ್ಬಮ್ಮನ್ನು ನನಗಿಂತ ಹೆಚ್ಚು ಕಾಲದಿಂದ ಕೇಳಿದವರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಕೋರುತ್ತೇನೆ. ಹೊಗಳಿಕೆಯೇ ಆಗಬೇಕೆಂದಿಲ್ಲ.

ಹಳೆಯ_ಕ್ಯಾಸೆಟ್

ಮಂದ್ರಸ್ಥಾಯಿ ಅವರೇ, ‘ಬಂಡಾಯದ ಹಾಡಲ್ಲ’ ಎಂಬ ಮಾತನ್ನು ನೀವು ಅದು ಹುಟ್ಟಿದ ನೆಲದಿಂದ ಬೇರ್ಪಡಿಸಿ ಓದುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ಕನ್ನಡದ ಕಿವಿಗೆ ‘ಬಂಡಾಯ’ ಎಂದರೆ ಅನ್ಯಾಯದ ವಿರುದ್ಧ ಎದ್ದ ಎಲ್ಲ ದನಿಯೂ ಅದರೊಳಗೆ ಸೇರುತ್ತದೆ. ಹಾಗಾಗಿ ಅದನ್ನು ನಿರಾಕರಿಸುವವನು ಹೆದರುಪುಕ್ಕಲನಂತೆ ಕಾಣುತ್ತಾನೆ. ಐರ್ಲೆಂಡಿನಲ್ಲಿ ‘ರೆಬೆಲ್ ಸಾಂಗ್’ ಎಂಬುದು ಒಂದು ನಿರ್ದಿಷ್ಟ ಜಾತಿಯ ಲಾವಣಿಗೆ ಇರುವ ಹೆಸರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯೆದ್ದು ಮಡಿದವರನ್ನು ಹೆಸರು ಹಿಡಿದು ಹೊಗಳುವ, ಪಬ್ಬುಗಳಲ್ಲಿ ಎಲ್ಲರೂ ದನಿಗೂಡಿಸುವ, ಕೊನೆಗೆ ಮತ್ತೆ ಆಯುಧ ಹಿಡಿಯುವಂತೆ ಹುರಿದುಂಬಿಸುವ ಹಾಡುಗಳು ಅವು. ಮೇಲಾಗಿ ‘ರಕ್ತಸಿಕ್ತ ಭಾನುವಾರ’ ಆ ದ್ವೀಪದಲ್ಲಿ ಒಂದೇ ಅಲ್ಲ. 1920ರ ನವೆಂಬರ್ 21ರ ಭಾನುವಾರ ಡಬ್ಲಿನ್ನಿನಲ್ಲಿ ಬೆಳಿಗ್ಗೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಆಯುಧ ಹಿಡಿದ ಐಆರ್‌ಎ ಸಂಘಟನೆ ಬ್ರಿಟಿಷ್ ಗುಪ್ತಚರರ ಮೇಲೆ ದಾಳಿ ಮಾಡಿ ಹಲವರನ್ನು ಕೊಂದರೆ, ಮಧ್ಯಾಹ್ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಆಟ ನೋಡುತ್ತಿದ್ದ ಜನರ ಮೇಲೆ ಸರ್ಕಾರಿ ಪಡೆಗಳು ಗುಂಡು ಹಾರಿಸಿದವು. ಇಂಥ ಹೆಸರನ್ನು ಹೊತ್ತ ಹಾಡನ್ನು ಡಬ್ಲಿನ್ನಿನ ನಾಲ್ವರು ಯುವಕರು ಹಾಡುತ್ತಾರೆಂದರೆ ಕೇಳುಗರು ಏನನ್ನು ನಿರೀಕ್ಷಿಸುತ್ತಿದ್ದರು ಎಂಬುದನ್ನು ಊಹಿಸಿಕೊಳ್ಳಿ. ಹಾಡು ಶುರುವಾಗುವ ಮೊದಲೇ ಆ ನಿರೀಕ್ಷೆಯನ್ನು ಮುರಿಯುವ ಮಾತು ಅದು. ಅಮೆರಿಕದಲ್ಲಿ ಐರಿಷ್ ಮೂಲದ ಕೆಲವರು ಸಶಸ್ತ್ರ ಹೋರಾಟಕ್ಕೆಂದು ಹಣ ಕೂಡಿಸುತ್ತಿದ್ದ ಕಾಲದಲ್ಲಿ, ಅದೇ ಅಮೆರಿಕದ ವೇದಿಕೆಗಳಲ್ಲಿ ನಿಂತು ಹಾಗೆ ಹೇಳುವುದು ಚಪ್ಪಾಳೆ ಗಿಟ್ಟಿಸುವ ಉಪಾಯವಂತೂ ಆಗಿರಲಿಲ್ಲ.

ಎರಡನೆಯದಾಗಿ, ಹೆಸರುಗಳನ್ನು ಹೇಳಲಿಲ್ಲವೆಂಬ ದೂರು. ಈ ಹಾಡಿನ ಮೊದಲ ಕರಡನ್ನು ಬರೆದವರು ಬೊನೊ ಅಲ್ಲ, ಗಿಟಾರ್ ವಾದಕ ಎಡ್ಜ್. 1982ರ ಬೇಸಿಗೆಯ ಕೊನೆಯಲ್ಲಿ ಬೊನೊ ಮದುವೆಯಾಗಿ ಪತ್ನಿಯೊಡನೆ ಜಮೈಕಾಗೆ ಹೋಗಿದ್ದಾಗ, ಎಡ್ಜ್ ಮನೆಯಲ್ಲಿ ಒಬ್ಬರೇ ಕುಳಿತು ಇದರ ರಿಫ್ಫನ್ನೂ (ಮರಳಿ ಮರಳಿ ಬರುವ ಗಿಟಾರಿನ ತುಣುಕು) ಕೆಲವು ಸಾಲುಗಳನ್ನೂ ಕಟ್ಟಿದರು. ಆ ಕರಡಿನ ಮೊದಲ ಸಾಲಿನಲ್ಲಿ ಐಆರ್‌ಎ ಮತ್ತು ಅದರ ಎದುರು ಪಾಳೆಯದ, ಬ್ರಿಟನ್ನಿನ ಪರವಾದ ಯುಡಿಎ ಎರಡೂ ಹೆಸರು ಹಿಡಿದು ಬಂದಿದ್ದವು. ಇಬ್ಬರ ಹಕ್ಕಿನ ಮಾತನ್ನೂ ನನ್ನ ಬಳಿ ಆಡಬೇಡಿ ಎಂಬ ಅರ್ಥದ ಸಾಲು ಅದು. ಆಮೇಲೆ ಅದನ್ನು ತೆಗೆದುಹಾಕಿ, ಇಂದಿನ ಸುದ್ದಿಯನ್ನು ನಂಬಲಾಗುತ್ತಿಲ್ಲ ಎಂದು ಹೇಳುವ ಈಗಿನ ಆರಂಭವನ್ನು ಇಟ್ಟರು. ಈ ಬದಲಾವಣೆಯಿಂದ ಹಾಡು ಮೆತ್ತಗಾಯಿತು ಎಂದು ವಾದಿಸಬಹುದು. ನನ್ನ ಅಭಿಪ್ರಾಯ ಬೇರೆ. ಮೊದಲ ಸಾಲು ಕರಪತ್ರದ್ದು. ಈಗಿರುವುದು ಸುದ್ದಿ ಕೇಳಿ ಕಣ್ಣು ಮುಚ್ಚಿಕೊಂಡ ಮನುಷ್ಯನದು. 1972ರ ಆ ಜನವರಿಯಲ್ಲಿ ಈ ನಾಲ್ವರೂ 10-11 ವರ್ಷದ ಹುಡುಗರು. ಅವರು ಡೆರಿಯಲ್ಲಿರಲಿಲ್ಲ, ಎಲ್ಲರಂತೆ ಸುದ್ದಿಯಲ್ಲಿ ಕೇಳಿದರು. ಕಂಡವರಂತೆ ನಟಿಸದೆ ಕೇಳಿದವರಂತೆಯೇ ಹಾಡಿದ್ದಾರೆ, ಅಷ್ಟೆ. ಹಾಗೆಂದು ಡಬ್ಲಿನ್ ಇದರಿಂದ ದೂರವಿತ್ತೆಂದೂ ಅಲ್ಲ. 1974ರ ಮೇ 17ರಂದು ಡಬ್ಲಿನ್ ಮತ್ತು ಮೊನಹನ್‌ಗಳಲ್ಲಿ ಬಾಂಬುಗಳು ಸಿಡಿದು 33 ಮಂದಿ ಸತ್ತಾಗ ಬೊನೊಗೆ 14 ವರ್ಷ.

ಹಾಡಿನ ಧೈರ್ಯವನ್ನು ಅಳೆಯಬೇಕಾದರೆ ಅದನ್ನು ಎಲ್ಲಿ ಹಾಡಿದರು ಎಂಬುದನ್ನೂ ನೋಡಬೇಕು. ಆಲ್ಬಮ್ ಇನ್ನೂ ಹೊರಬಾರದಿದ್ದ 1982ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ವೇದಿಕೆಯಲ್ಲಿ, ನಿಮಗೆ ಇಷ್ಟವಾಗದಿದ್ದರೆ ತಿಳಿಸಿ, ಇದನ್ನು ಮತ್ತೆಂದೂ ನುಡಿಸುವುದಿಲ್ಲ ಎಂಬರ್ಥದ ಮಾತನ್ನು ಹೇಳಿ ಬೊನೊ ಈ ಹಾಡನ್ನು ಪರಿಚಯಿಸಿದರು. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲ್ಲೆನ್ ಪಟ್ಟಣದಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೆ ನೆರೆದಿದ್ದವರ ನಡುವೆ ಐಆರ್‌ಎ ಇಟ್ಟ ಬಾಂಬು ಸಿಡಿದು 11 ಮಂದಿ ಸತ್ತ ದಿನವೇ ತಂಡ ಅಮೆರಿಕದ ಡೆನ್ವರಿನಲ್ಲಿ ಕಚೇರಿ ನಡೆಸಿತು. ಆ ರಾತ್ರಿ ಹಾಡಿನ ನಡುವೆ ನಿಂತು ಬೊನೊ ಕ್ರಾಂತಿಯ ವೈಭವೀಕರಣದ ಮೇಲೆ ಕಾರಿದ ಕೋಪವನ್ನು ‘ರ‍್ಯಾಟಲ್ ಆ್ಯಂಡ್ ಹಮ್’ ಚಿತ್ರದಲ್ಲಿ ಇಂದಿಗೂ ನೋಡಬಹುದು. ಅಡ್ಡಗೋಡೆಯ ಮೇಲೆ ದೀಪವಿಡುವವರು ಹಾಗೆ ಮಾತನಾಡುವುದಿಲ್ಲ.

ಅಸ್ಪಷ್ಟತೆಯ ಬಗ್ಗೆ ಕೊನೆಯದಾಗಿ ಒಂದು ಉದಾಹರಣೆ. ‘ನ್ಯೂ ಇಯರ್ಸ್ ಡೇ’ ಮೊದಲು ಬೊನೊ ತಮ್ಮ ಪತ್ನಿಗಾಗಿ ಬರೆಯತೊಡಗಿದ ಪ್ರೇಮಗೀತೆ. ಪೋಲೆಂಡಿನಲ್ಲಿ 1981ರ ಡಿಸೆಂಬರ್ 13ರಂದು ಸೇನಾಡಳಿತ ಹೇರಿ ‘ಸಾಲಿಡಾರಿಟಿ’ ಕಾರ್ಮಿಕ ಚಳವಳಿಯ ನಾಯಕ ಲೆಕ್ ವಲೇಸಾ ಅವರನ್ನು ಬಂಧಿಸಿದ ಸುದ್ದಿ ಆ ಗೀತೆಯೊಳಗೆ ಬಂದು ಸೇರಿತು. ಹಾಡಿನಲ್ಲಿ ಪೋಲೆಂಡೂ ಇಲ್ಲ, ವಲೇಸಾ ಕೂಡ ಇಲ್ಲ. ಹಿಮವಿದೆ, ಜನಜಂಗುಳಿಯಿದೆ, ಅಗಲಿಕೆಯಿದೆ. 2005ರ ಜುಲೈ 5ರಂದು ಪೋಲೆಂಡಿನ ಹೋಜುಫ್ ನಗರದ ಕ್ರೀಡಾಂಗಣದಲ್ಲಿ ತಂಡ ಇದನ್ನು ನುಡಿಸಲು ಶುರುಮಾಡಿದಾಗ, ಮೈದಾನದಲ್ಲಿ ನಿಂತವರು ಕೆಂಪು ಬಟ್ಟೆಗಳನ್ನೂ ಗ್ಯಾಲರಿಯಲ್ಲಿದ್ದವರು ಬಿಳಿ ಬಟ್ಟೆಗಳನ್ನೂ ಎತ್ತಿಹಿಡಿದು ಇಡೀ ಕ್ರೀಡಾಂಗಣವನ್ನೇ ತಮ್ಮ ರಾಷ್ಟ್ರಧ್ವಜವಾಗಿಸಿದರು. ಹೆಸರು ಹೇಳದ ಹಾಡನ್ನು ಅವರು ತಮ್ಮದೆಂದು ಗುರುತಿಸಿಕೊಳ್ಳಲು ಕಷ್ಟಪಡಲಿಲ್ಲ.

ನಿಷ್ಠುರವಾದಿ

ಹಳೆಯ_ಕ್ಯಾಸೆಟ್ ಅವರ ಬರಹವನ್ನು ಗೌರವದಿಂದಲೇ ಓದಿದೆ. ‘ರೆಬೆಲ್ ಸಾಂಗ್’ ಕುರಿತ ವಿವರಣೆ ಸರಿಯಾದುದು. ಆದರೆ ಅವರು ಒಂದು ಮುಖ್ಯ ಸಂಗತಿಯ ಪಕ್ಕದಲ್ಲೇ ನಡೆದು ಹೋಗಿಬಿಟ್ಟರು. ಡೆರಿಯ ಘಟನೆಯ ನಂತರ ಬ್ರಿಟಿಷ್ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ವಿಜರಿ ಅವರ ವಿಚಾರಣೆ 1972ರ ಏಪ್ರಿಲ್‌ನಲ್ಲೇ ವರದಿ ಕೊಟ್ಟು ಸೈನಿಕರನ್ನು ಬಹುಮಟ್ಟಿಗೆ ದೋಷಮುಕ್ತರನ್ನಾಗಿಸಿತ್ತು. ಸತ್ತವರ ಮೇಲೆಯೇ ಅನುಮಾನದ ಕಲೆ ಉಳಿಯಿತು. ಎರಡನೆಯ ವಿಚಾರಣೆಯನ್ನು 1998ರಲ್ಲಿ ನ್ಯಾಯಮೂರ್ತಿ ಸಾವಿಲ್ ಅವರಿಗೆ ಒಪ್ಪಿಸಿ, ಅದರ ವರದಿ 2010ರ ಜೂನ್ 15ರಂದು ಹೊರಬಂದು, ಅಂದು ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳುವವರೆಗೆ, ಅಂದರೆ 38 ವರ್ಷ, ಅಧಿಕೃತ ಸತ್ಯವೆಂದರೆ ವಿಜರಿ ಹೇಳಿದ್ದೇ ಆಗಿತ್ತು. ‘ವಾರ್’ ಬಿಡುಗಡೆಯಾದದ್ದು ಈ ಅವಧಿಯ ನಡುವೆ, 1983ರ ಫೆಬ್ರವರಿ 28ರಂದು. ಯಾರು ಗುಂಡು ಹಾರಿಸಿದರು, ಸತ್ತವರ ಕೈಯಲ್ಲಿ ಆಯುಧವಿತ್ತೇ ಇಲ್ಲವೇ ಎಂಬುದೇ ವಿವಾದವಾಗಿದ್ದ ಕಾಲದಲ್ಲಿ, ಬರೀ ದೇಹಗಳನ್ನು ತೋರಿಸಿ ಕೊಂದವರನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಅದನ್ನು ಕಾವ್ಯದ ಸಂಯಮವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ತೊಡಕು ಇದೆ. ಕರಡಿನಲ್ಲಿ ಹೆಸರಿಸಿದ್ದ ಎರಡೂ ಸಂಘಟನೆಗಳು ಕಾನೂನಿನ ಹೊರಗೆ ಆಯುಧ ಹಿಡಿದವು. ಡೆರಿಯಲ್ಲಿ ಗುಂಡು ಹಾರಿಸಿದ್ದು ಅವೆರಡೂ ಅಲ್ಲ, ಸರ್ಕಾರದ ಸೇನೆ. ಆ ದಿನದ ಹೆಸರನ್ನು ಹಾಡಿಗೆ ಎರವಲು ಪಡೆದು, ಆ ದಿನದ ನಿಜವಾದ ಪಾತ್ರಧಾರಿಯನ್ನು ಬಿಟ್ಟು, ಉಳಿದೆಲ್ಲರಿಗೂ ಶಾಂತಿಯ ಬುದ್ಧಿ ಹೇಳಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್ನರ ‘ಥ್ರಿಲ್ಲರ್’ ಅನ್ನು ಕೆಳಗಿಳಿಸಿ ಒಂದನೇ ಸ್ಥಾನಕ್ಕೇರಿತು. ಕೋಲು ಮುರಿದಿದ್ದರೆ ಅದು ಸಾಧ್ಯವಾಗುತ್ತಿತ್ತೇ ಎಂದು ಕೇಳುವುದು ಕುಹಕವೆನಿಸಬಹುದು, ಆದರೂ ಕೇಳುತ್ತೇನೆ.

ಹೋಲಿಕೆಗೆ ಆ ನೆಲದವರೇ ಇದ್ದಾರೆ. ಬೆಲ್‌ಫಾಸ್ಟಿನ ಸ್ಟಿಫ್ ಲಿಟಲ್ ಫಿಂಗರ್ಸ್ ತಂಡದ 1979ರ ‘ಇನ್‌ಫ್ಲೇಮಬಲ್ ಮೆಟೀರಿಯಲ್’ ಆಲ್ಬಮ್ಮಿನಲ್ಲಿ ಸೈನಿಕರೂ ಪೊಲೀಸರೂ ಆಯುಧಧಾರಿ ಸಂಘಟನೆಗಳೂ ಬೀದಿಯ ಮಟ್ಟದಲ್ಲಿ ಕಾಣುತ್ತಾರೆ, ಬೇಸರ ಹಿಡಿದ ಹುಡುಗರ ಭಾಷೆಯಲ್ಲೇ ಬೈಸಿಕೊಳ್ಳುತ್ತಾರೆ. ಡೆರಿಯವರೇ ಆದ ಅಂಡರ್‌ಟೋನ್ಸ್ ತಂಡವಂತೂ ತದ್ವಿರುದ್ಧ ದಾರಿ ಹಿಡಿಯಿತು: 1978ರಲ್ಲಿ ಅವರನ್ನು ಪ್ರಸಿದ್ಧಗೊಳಿಸಿದ ‘ಟೀನೇಜ್ ಕಿಕ್ಸ್’ ಹದಿಹರೆಯದ ಪ್ರೇಮದ ಹಾಡು. ಊರು ಹೊತ್ತಿ ಉರಿಯುತ್ತಿದ್ದಾಗ ನಾವು ಹುಡುಗಿಯ ಬಗ್ಗೆ ಹಾಡುತ್ತೇವೆ ಎನ್ನುವುದರಲ್ಲೂ ಒಂದು ನಿಲುವಿದೆ, ಅದು ಪ್ರಾಮಾಣಿಕವಾದುದು. ಇವೆರಡರ ನಡುವೆ ಯು2ರವರದು ದೊಡ್ಡ ದನಿಯ, ಸಣ್ಣ ಹೇಳಿಕೆಯ ಹಾಡು.

ನೇರವಾಗಿ ಹೇಳಿದ ಮಾತ್ರಕ್ಕೆ ಹಾಡು ಒಳ್ಳೆಯದಾಗುತ್ತದೆ ಎಂಬುದು ನನ್ನ ವಾದವಲ್ಲ. 1972ರಲ್ಲಿ ಪಾಲ್ ಮೆಕಾರ್ಟ್ನಿ ಮತ್ತು ಜಾನ್ ಲೆನನ್ ಇಬ್ಬರೂ ಬೇರೆಬೇರೆಯಾಗಿ ಡೆರಿಯ ಬಗ್ಗೆ ಹಾಡು ಮಾಡಿದರು. ಲೆನನ್ನರ ಹಾಡಿನ ಹೆಸರೂ ಇದೇ. ಮೆಕಾರ್ಟ್ನಿಯ ‘ಗಿವ್ ಐರ್ಲೆಂಡ್ ಬ್ಯಾಕ್ ಟು ದಿ ಐರಿಷ್’ ಹಾಡನ್ನು ಬಿಬಿಸಿ ನಿಷೇಧಿಸಿತು. ಎರಡೂ ಅತ್ಯಂತ ಸ್ಪಷ್ಟ, ಎರಡೂ ಸಂಗೀತವಾಗಿ ಸಪ್ಪೆ. ಯು2ರವರ ಹಾಡು ಅವೆರಡಕ್ಕಿಂತ ಹತ್ತು ಪಟ್ಟು ಚೆನ್ನಾಗಿದೆ ಎಂಬುದನ್ನು ಒಪ್ಪುತ್ತೇನೆ. ಚೆನ್ನಾಗಿರುವುದು ಬೇರೆ, ದಿಟ್ಟವಾಗಿರುವುದು ಬೇರೆ.

ಡೋಲುಕಡ್ಡಿ

ಇಬ್ಬರೂ ಹಿರಿಯರು ಸಾಹಿತ್ಯದ ಮೇಲೆಯೇ ತಕ್ಕಡಿ ಹಿಡಿದಿದ್ದೀರಿ. ನಾನು ಡ್ರಮ್ ನುಡಿಸುವವನು, ನನ್ನ ಕಿವಿ ಮೊದಲು ಬೇರೆಡೆಗೆ ಹೋಗುತ್ತದೆ. ಮಂದ್ರಸ್ಥಾಯಿ ಅವರು ಹಾಡಿನಲ್ಲಿ ಸೈನಿಕನಿಲ್ಲ ಎಂದರು. ಇದ್ದಾನೆ, ಮೊಟ್ಟಮೊದಲ ಕ್ಷಣದಲ್ಲೇ ಇದ್ದಾನೆ. ಹಾಡು ತೆರೆದುಕೊಳ್ಳುವುದು ಲ್ಯಾರಿ ಮಲ್ಲೆನ್ ಒಬ್ಬರ ಡ್ರಮ್ಮಿನಿಂದ, ಮತ್ತು ಸ್ನೇರ್ ಮೇಲೆ ಅವರು ನುಡಿಸುವುದು ಕವಾಯತಿನ ನಡೆ. ಎಡ್ಜ್ ಗಿಟಾರಿನ ತಂತಿಗಳನ್ನು ಬಿಡಿಬಿಡಿಯಾಗಿ ಮೀಟುತ್ತಾ ಬರುವುದು ಅದರ ಮೇಲೆ. ಯುದ್ಧದ ಕರೆಗೆ ಓಗೊಡುವುದಿಲ್ಲ ಎಂದು ಬೊನೊ ಹಾಡುತ್ತಿರುವಾಗಲೂ ಕೆಳಗೆ ಆ ನಡೆ ನಿಲ್ಲುವುದೇ ಇಲ್ಲ. ಮಾತು ನಿರಾಕರಿಸಿದ್ದನ್ನು ಲಯ ಒತ್ತಾಯಿಸುತ್ತಲೇ ಇರುತ್ತದೆ. ಗುಂಡು ಹಾರಿಸಿದವರ ಹೆಸರನ್ನು ಬರೆದಿದ್ದರೂ ಆ ಕಸಿವಿಸಿ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತಿರಲಿಲ್ಲ.

ಆ ಡ್ರಮ್ಮಿನ ಸದ್ದಿಗೆ ಕಾರಣವೂ ತಿಳಿದಿರಲಿ. ಧ್ವನಿಮುದ್ರಣ ನಡೆದದ್ದು 1982ರಲ್ಲಿ ಡಬ್ಲಿನ್ನಿನ ವಿಂಡ್‌ಮಿಲ್ ಲೇನ್ ಸ್ಟುಡಿಯೊದಲ್ಲಿ. ನಿರ್ಮಾಪಕ ಸ್ಟೀವ್ ಲಿಲಿವೈಟ್ ಅಲ್ಲಿನ ಮೆಟ್ಟಿಲುಗಳ ಆವರಣದ ಮಾರ್ದನಿಯನ್ನು ಡ್ರಮ್ಮಿಗೆ ಬಳಸಿಕೊಂಡರು. ಏಟು ಬಿದ್ದೊಡನೆ ಗೋಡೆಗೆ ಬಡಿದು ವಾಪಸ್ಸು ಬರುವಂತಹ ಗಟ್ಟಿ ಸದ್ದು ಅದು. ಡ್ರಮ್ಮಿನ ಸದ್ದಿನ ವಿಷಯದಲ್ಲಿ ಲಿಲಿವೈಟ್ ಸಾಮಾನ್ಯರಲ್ಲ. ಪೀಟರ್ ಗೇಬ್ರಿಯಲ್ಲರ 1980ರ ಆಲ್ಬಮ್ಮಿನಲ್ಲಿ, ಮುಂದೆ ಆ ದಶಕವನ್ನೆಲ್ಲ ಆವರಿಸಿದ ಡ್ರಮ್ ಸದ್ದು ರೂಪುಗೊಂಡಾಗ ನಿರ್ಮಾಪಕರಾಗಿದ್ದವರು ಅವರೇ. ಒಂದೇ ತಂಡಕ್ಕೆ ಎರಡಕ್ಕಿಂತ ಹೆಚ್ಚು ಆಲ್ಬಮ್ ಮಾಡುವುದಿಲ್ಲ ಎಂಬ ತಮ್ಮ ನಿಯಮವನ್ನು ಇಲ್ಲಿ ಅವರು ಮುರಿದರು. ಇನ್ನೊಂದು ಸಂಗತಿಯನ್ನು ಡ್ರಮ್ ಕಲಿಯುವವರು ಮರೆಯಬಾರದು: ಮಲ್ಲೆನ್ ಅಲ್ಲಿಯವರೆಗೆ ಕ್ಲಿಕ್ ಟ್ರ್ಯಾಕ್ (ಲಯ ತಪ್ಪದಂತೆ ಕಿವಿಗೆ ಕೇಳಿಸುವ ಟಿಕ್ ಟಿಕ್ ಸದ್ದು) ಇಟ್ಟುಕೊಂಡು ನುಡಿಸಲು ಒಪ್ಪುತ್ತಿರಲಿಲ್ಲ. ಸ್ಲೈ ಆ್ಯಂಡ್ ದಿ ಫ್ಯಾಮಿಲಿ ಸ್ಟೋನ್ ತಂಡದಲ್ಲಿ ನುಡಿಸಿದ್ದ ಆ್ಯಂಡಿ ನ್ಯೂಮಾರ್ಕ್ ಅದನ್ನು ಸಂಕೋಚವಿಲ್ಲದೆ ಬಳಸುತ್ತಾರೆಂದು ತಿಳಿದ ಮೇಲೆ ಮನಸ್ಸು ಬದಲಾಯಿಸಿದರು. ‘ಅಕ್ಟೋಬರ್’ನಲ್ಲಿ ಅಲ್ಲಲ್ಲಿ ತೂಗಾಡುವ ಲಯಕ್ಕೂ ಇಲ್ಲಿನ ಬಿಗಿಗೂ ಇರುವ ಅಂತರದಲ್ಲಿ ಇದರ ಪಾಲು ದೊಡ್ಡದು. ಎಡ್ಜ್ ಕೂಡ ತಮ್ಮ ಗುರುತಾಗಿದ್ದ ಎಕೋವನ್ನು ಕಡಿಮೆ ಮಾಡಿದ್ದಾರೆ. ಮಂಜು ಸರಿದು ಕಲ್ಲು ಕಾಣಿಸಿಕೊಂಡ ಹಾಗೆ ಗಿಟಾರ್ ಒರಟಾಗಿ, ಹತ್ತಿರದಲ್ಲಿ ಕೇಳುತ್ತದೆ.

ಪಿಟೀಲಿನ ಕಥೆಯಂತೂ ನನಗೆ ಬಹಳ ಇಷ್ಟ. ಸ್ಟೀವ್ ವಿಕಮ್ ಎಂಬ ತರುಣ ಡಬ್ಲಿನ್ನಿನ ಬಸ್ ನಿಲ್ದಾಣದಲ್ಲಿ ಎಡ್ಜ್ ಅವರನ್ನು ಕಂಡು, ನಿಮ್ಮ ಆಲ್ಬಮ್ಮಿಗೆ ಪಿಟೀಲು ಬೇಕೇ ಎಂದು ಕೇಳಿದರಂತೆ. ಸ್ಟುಡಿಯೊಗೆ ಬಂದು ‘ಸಂಡೇ ಬ್ಲಡಿ ಸಂಡೇ’ಗೂ ‘ಡ್ರೌನಿಂಗ್ ಮ್ಯಾನ್’ಗೂ ನುಡಿಸಿಹೋದರು. ಕವಾಯತಿನ ಡ್ರಮ್ಮಿನ ಎದುರಿಗೆ ಆ ಪಿಟೀಲು ಅಳುವ ರೀತಿಯನ್ನು ಕೇಳಿ. ಐರಿಷ್ ಜಾನಪದದ ವಾದ್ಯವೊಂದನ್ನು ತಂದೂ ಲಾವಣಿಯ ದಾರಿಗೆ ಹೋಗದಿರುವುದು ಸುಲಭವಲ್ಲ. ‘ನ್ಯೂ ಇಯರ್ಸ್ ಡೇ’ಯಲ್ಲಿ ಆಡಮ್ ಕ್ಲೇಟನ್ ನುಡಿಸುವ ಬೇಸ್ ಹುಟ್ಟಿದ್ದು ಅವರು ವಿಸಾಜ್ ತಂಡದ ‘ಫೇಡ್ ಟು ಗ್ರೇ’ ಹಾಡನ್ನು ನುಡಿಸಲು ಹೋಗಿ ಬೇರೇನೋ ಆಗಿ. ಇಡೀ ಹಾಡು ಆ ಬೇಸ್ ಮೇಲೆ ನಿಂತಿದೆ.

ದೂರುಗಳು ನನ್ನಲ್ಲೂ ಇವೆ. ‘ಸೆಕೆಂಡ್ಸ್’ನ ನಡುವೆ, ಅಮೆರಿಕದ ಸೇನೆಯಲ್ಲಿ ಮಹಿಳೆಯರ ತರಬೇತಿಯನ್ನು ಕುರಿತ ಸಾಕ್ಷ್ಯಚಿತ್ರವೊಂದರಿಂದ ಎತ್ತಿಕೊಂಡ ಕೂಗನ್ನು ಅಂಟಿಸಿದ್ದಾರೆ. ಮೊದಲ ಬಾರಿ ಕೇಳಿದಾಗ ಮೈ ಜುಮ್ಮೆನ್ನುತ್ತದೆ, ಹತ್ತನೆಯ ಬಾರಿಗೆ ಅಲಂಕಾರವೆನಿಸುತ್ತದೆ. ಎರಡನೆಯ ಮಗ್ಗುಲಿನ ‘ದಿ ರೆಫ್ಯೂಜಿ’ಯನ್ನು ನಿರ್ಮಿಸಿದವರು ಲಿಲಿವೈಟ್ ಅಲ್ಲ, ಬಿಲ್ ವೇಲನ್, ಅದು ಬೇರೆ ಯಾವುದೋ ಆಲ್ಬಮ್ಮಿನಿಂದ ದಾರಿತಪ್ಪಿ ಬಂದಂತೆ ಕೇಳುತ್ತದೆ. ‘ರೆಡ್ ಲೈಟ್’ನ ತುತ್ತೂರಿಯನ್ನು ನಾನು ಪ್ರತಿಸಲವೂ ದಾಟಿಸಿಬಿಡುತ್ತೇನೆ.

ಎರಡನೇ_ಮಗ್ಗುಲು

ನನ್ನ ಹೆಸರೇ ಇದಾಗಿರುವುದರಿಂದ ಒಂದು ಮಾತು ಹೇಳಲೇಬೇಕು. ‘ದಿ ರೆಫ್ಯೂಜಿ’ಯನ್ನು ಸಮರ್ಥಿಸಲಾರೆ, ಅದನ್ನು ಡೋಲುಕಡ್ಡಿ ಅವರಿಗೆ ಬಿಟ್ಟುಕೊಟ್ಟಿದ್ದೇನೆ. ಆದರೆ ‘ಸರೆಂಡರ್’ ಹಾಡನ್ನು ಇಲ್ಲಿ ಯಾರೂ ಹೆಸರಿಸದಿರುವುದು ಆಶ್ಚರ್ಯ. ಎಲ್ಲರೂ ಹೇಳಿದಂತೆ ನಡೆದು, ಒಳ್ಳೆಯ ಹೆಂಡತಿಯೂ ತಾಯಿಯೂ ಆಗಲು ಹೆಣಗಿ, ಕೊನೆಗೆ ಎತ್ತರದ ಕಟ್ಟಡವೇರಿ ನಿಲ್ಲುವ ಹೆಂಗಸಿನ ಕಥೆ ಅದು. ಬಾಂಬು, ಬಾವುಟಗಳ ನಡುವೆ ಅದಕ್ಕೇನು ಜಾಗ ಎಂದು ಕೇಳುವವರು, ಹೆಸರಿನ ಅರ್ಥ ‘ಶರಣಾಗತಿ’ ಎಂಬುದನ್ನು ಗಮನಿಸಲಿ. ಯುದ್ಧ ಎಂಬ ಪದವನ್ನು ಮನೆಯೊಳಗೆ ತಂದ ಹಾಡು ಇದೊಂದೇ. ನ್ಯೂಯಾರ್ಕಿನ ಕಿಡ್ ಕ್ರಿಯೋಲ್ ತಂಡದ ಕೋಕೋನಟ್ಸ್ ಗಾಯಕಿಯರು ಇದರಲ್ಲಿ ದನಿಗೂಡಿಸಿದ್ದಾರೆ. ಅವರ ದನಿ ಇಲ್ಲದಿದ್ದರೆ ಇದು ಗಂಡಸೊಬ್ಬ ದೂರದಿಂದ ಹೇಳಿದ ವರದಿಯಾಗಿ ಉಳಿಯುತ್ತಿತ್ತು.

ಮಂದ್ರಸ್ಥಾಯಿ

ಎಲ್ಲರಿಗೂ ಕೃತಜ್ಞತೆಗಳು. ಡೋಲುಕಡ್ಡಿ ಅವರ ಮಾತನ್ನು ಓದಿದ ಮೇಲೆ ಸಾಹಿತ್ಯದ ಹಾಳೆಯನ್ನು ಮಡಚಿಟ್ಟು, ಹೆಡ್‌ಫೋನಿನಲ್ಲಿ ಆಲ್ಬಮ್ಮನ್ನು ತುದಿಯಿಂದ ತುದಿಗೆ ಒಮ್ಮೆ ಕೇಳಿದೆ. ಡ್ರಮ್ಮಿನ ಆ ನಡೆ ಈಗ ಕಿವಿಯಿಂದ ಹೋಗುತ್ತಿಲ್ಲ. ಹಾಳೆಯಿಲ್ಲದೆ ಕೇಳಿದ್ದರಿಂದ ಇನ್ನೊಂದು ಸಂಗತಿಯೂ ಹೊಳೆಯಿತು. ಮೊದಲ ಹಾಡಿನ ‘ಎಷ್ಟು ಕಾಲ’ ಎಂಬ ಪ್ರಶ್ನೆಯೇ ಕೊನೆಯ ಹಾಡಾದ ‘40’ರಲ್ಲಿ ಮತ್ತೆ ಬರುತ್ತದೆ. ಆ ಹಾಡಿನ ಮಾತುಗಳು ಬೈಬಲ್ಲಿನ 40ನೆಯ ಕೀರ್ತನೆಯಿಂದ ಬಂದವು, ‘ಎಷ್ಟು ಕಾಲ’ ಎಂಬ ಮೊರೆ 6ನೆಯ ಕೀರ್ತನೆಯಲ್ಲಿದೆ. ಸ್ಟುಡಿಯೊ ಸಮಯ ಮುಗಿಯುತ್ತಾ ಬಂದು, ಮುಂದಿನ ತಂಡ ಕಾಯುತ್ತಿದ್ದಾಗ, ಕ್ಲೇಟನ್ ಮನೆಗೆ ಹೋಗಿಬಿಟ್ಟಿದ್ದರಿಂದ ಎಡ್ಜ್ ತಾವೇ ಬೇಸ್ ನುಡಿಸಿ ಮುಗಿಸಿದ ಹಾಡು ಇದು ಎಂದು ಓದಿದೆ. ಅವಸರದಲ್ಲಿ ಆದದ್ದೋ, ಯೋಚಿಸಿ ಮಾಡಿದ್ದೋ, ಆಲ್ಬಮ್ಮಿನ ಎರಡು ತುದಿಗಳೂ ಒಂದೇ ಪ್ರಶ್ನೆಗೆ ಕಟ್ಟಿಕೊಂಡಿವೆ. ಮೊದಲ ಬಾರಿ ಅದು ಬೀದಿಯಲ್ಲಿ ನಿಂತು ಮನುಷ್ಯರನ್ನು ಕೇಳಿದ ಪ್ರಶ್ನೆ. ಕೊನೆಯಲ್ಲಿ ಅದನ್ನು ದೇವರಿಗೆ ಕೇಳುತ್ತಿದ್ದಾರೆ.

ಇದರಿಂದ ನಿಷ್ಠುರವಾದಿ ಅವರ ಆಕ್ಷೇಪಕ್ಕೆ ಉತ್ತರ ಸಿಕ್ಕಿತೆಂದು ನಾನು ಹೇಳುವುದಿಲ್ಲ. ವಿಜರಿ ವರದಿಯ ವಿಷಯ ನನಗೆ ತಿಳಿದಿರಲಿಲ್ಲ. ಅದನ್ನು ತಿಳಿದ ಮೇಲೆ ಮೊದಲ ಹಾಡಿನ ಮೌನ ಇನ್ನಷ್ಟು ದೊಡ್ಡದಾಗಿ ಕೇಳುತ್ತಿದೆ. ನನ್ನ ನಿರಾಸೆಯಂತೂ ಅರ್ಧಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ.

ನಿಷ್ಠುರವಾದಿ

ಎರಡು ತುದಿಗಳ ಪ್ರಶ್ನೆಯ ಗಂಟನ್ನು ಒಪ್ಪುತ್ತೇನೆ. ಆದರೆ ನೀವೇ ಹೇಳಿದಂತೆ ಮನುಷ್ಯರಿಗೆ ಕೇಳಬೇಕಾದ ಪ್ರಶ್ನೆಯನ್ನು ಕೊನೆಗೆ ದೇವರಿಗೆ ದಾಟಿಸಿದ್ದಾರೆ. ತಂಡದ ಮೂವರು ಆ ಕಾಲದಲ್ಲಿ ಕ್ರೈಸ್ತ ಪ್ರಾರ್ಥನಾ ಕೂಟವೊಂದರಲ್ಲಿ ಆಳವಾಗಿ ತೊಡಗಿದ್ದರು. ನಂಬಿಕೆ ಮತ್ತು ರಾಕ್ ಸಂಗೀತ ಎರಡೂ ಕೂಡಿ ನಡೆಯಬಹುದೇ ಎಂಬ ಸಂದೇಹದಿಂದ ಎಡ್ಜ್ ಒಮ್ಮೆ ತಂಡ ಬಿಡಲೂ ಯೋಚಿಸಿದ್ದರು. ಹಾಗಾಗಿ ನಾನು ಈ ಆಲ್ಬಮ್ಮನ್ನು ‘ಅಕ್ಟೋಬರ್’ನ ಎರಡನೆಯ ಭಾಗವೆಂದೇ ಕೇಳುತ್ತೇನೆ: ಅದೇ ಪ್ರಾರ್ಥನೆ, ಈ ಸಲ ಕೈಯಲ್ಲಿ ದಿನಪತ್ರಿಕೆ ಹಿಡಿದು. ಹಾಗೆ ಕೇಳಿದಾಗ ನನಗೂ ಇಷ್ಟವಾಗುತ್ತದೆ. ‘ರಾಜಕೀಯ’ ಎಂಬ ಪಟ್ಟಿಯನ್ನು ಮಾತ್ರ ಕಿತ್ತುಹಾಕಿ.

ಹಳೆಯ_ಕ್ಯಾಸೆಟ್

ಆ ಪಟ್ಟಿಯನ್ನು ಕೀಳಲು ನಾನು ಬಿಡುವುದಿಲ್ಲ. ನಮ್ಮಿಬ್ಬರ ಜಗಳ ಇಲ್ಲಿಗೆ ಮುಗಿಯುವಂಥದೂ ಅಲ್ಲ. ಮಂದ್ರಸ್ಥಾಯಿ ಅವರೇ, ‘40’ ಹಾಡನ್ನು ಇಷ್ಟಪಟ್ಟಿರಾದ್ದರಿಂದ 1983ರ ‘ಅಂಡರ್ ಎ ಬ್ಲಡ್ ರೆಡ್ ಸ್ಕೈ’ ಕಚೇರಿ ಮುದ್ರಿಕೆಯನ್ನೂ ಕೇಳಿ. ವೇದಿಕೆಯ ಮೇಲೆ ಎಡ್ಜ್ ಮತ್ತು ಕ್ಲೇಟನ್ ವಾದ್ಯಗಳನ್ನು ಅದಲುಬದಲು ಮಾಡಿಕೊಂಡು ಇದನ್ನು ನುಡಿಸುತ್ತಿದ್ದರು. ಅಮೆರಿಕದ ರೆಡ್ ರಾಕ್ಸ್ ಬಯಲುರಂಗದಲ್ಲಿ ಜೂನ್ 5ರ ಮಳೆಯ ರಾತ್ರಿ ಬಿಳಿ ಬಾವುಟ ಹಾರಿಸಿ ಹಾಡಿದ ದೃಶ್ಯವೂ ಅದರಲ್ಲಿಯೇ ಸಿಗುತ್ತದೆ.

ಡೋಲುಕಡ್ಡಿ

ಸಣ್ಣ ತಿದ್ದುಪಡಿ. ರೆಡ್ ರಾಕ್ಸ್‌ನ ದೃಶ್ಯ ಇರುವುದು ಕಚೇರಿಯ ಚಿತ್ರದಲ್ಲಿ. ಮುದ್ರಿಕೆಯಲ್ಲಿ ಆ ರಾತ್ರಿಯದು ‘ಗ್ಲೋರಿಯಾ’ ಮತ್ತು ‘ಪಾರ್ಟಿ ಗರ್ಲ್’ ಎರಡೇ. ಅದರಲ್ಲಿರುವ ‘ಸಂಡೇ ಬ್ಲಡಿ ಸಂಡೇ’ ಮತ್ತು ‘40’ ಅದೇ ವರ್ಷದ ಆಗಸ್ಟ್‌ನಲ್ಲಿ ಪಶ್ಚಿಮ ಜರ್ಮನಿಯ ಲೋರೆಲೈ ಬಯಲುರಂಗದಲ್ಲಿ ಮುದ್ರಿಸಿದವು. ಚಿತ್ರವನ್ನು ನೋಡುವಿರಾದರೆ ‘40’ರ ಕೊನೆಗೆ ಬೇಗ ಎದ್ದುಹೋಗಬೇಡಿ. ಒಬ್ಬೊಬ್ಬರಾಗಿ ವಾದ್ಯವಿಟ್ಟು ಹೊರಡುತ್ತಾರೆ, ಕೊನೆಯವರೆಗೂ ಕುಳಿತಿರುವವರು ಮಲ್ಲೆನ್. ಅವರೂ ಕಡ್ಡಿ ಕೆಳಗಿಟ್ಟ ಮೇಲೆ ಜನ ಇನ್ನೂ ‘ಎಷ್ಟು ಕಾಲ’ ಎಂದು ಹಾಡುತ್ತಲೇ ಇರುತ್ತಾರೆ.